ವ್ಯಾನಿಗೆ 4ಜಿ ರೂಟರ್ ಹಾಕಿಸುವಿರಾ? ಚಾವಣಿಗೆ ತೂತು ಕೊರೆಯುವ ಮುನ್ನ ಓದಿ

ಸಂಚಾರಿ ಆರೋಗ್ಯ ವಾಹನ, ಶಾಲಾ ಬಸ್ಸು, ಪ್ರವಾಸಿ ಟೆಂಪೊ ಟ್ರಾವೆಲರ್‌ಗಳಿಗೆಲ್ಲ ಈಗ 4ಜಿ ರೂಟರ್ ಹಾಕಿಸುತ್ತಿದ್ದಾರೆ. ಹಾಕಿಸಿದ ತಿಂಗಳಿಗೆ ಬರುವ ದೂರೂ ಒಂದೇ: ‘ಡ್ರೈವರ್ ಮೊಬೈಲಿನಲ್ಲಿ ನೆಟ್ ಬರುತ್ತೆ, ರೂಟರ್‌ನಲ್ಲಿ ಬರಲ್ಲ.’ ಇಂಥ ವಾಹನಗಳಲ್ಲಿ ಹೆಚ್ಚಿನ ಸಲ ರೂಟರ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಆಂಟೆನಾ ಕೂರಿಸಿದ ಬಗೆ, ಕೇಬಲ್ ಎಳೆದ ದಾರಿ. ಆದ್ದರಿಂದ ಈ ಬರಹದ ಬಹುಭಾಗ ಅದಕ್ಕೇ ಮೀಸಲು. ಉದಾಹರಣೆಗೆ ಇಟ್ಟುಕೊಂಡಿರುವುದು ತಗಡಿನ ಚಾವಣಿಯ, 12 ವೋಲ್ಟ್ ಬ್ಯಾಟರಿಯ ಟೆಂಪೊ ಟ್ರಾವೆಲರ್.

ಮೊದಲು ರೂಟರ್‌ಗೆ ಜಾಗ

ಸೀಟಿನ ಕೆಳಗೆ ಬೇಡ. ವ್ಯಾನ್ ತೊಳೆದ ನೀರು ಸೇರುವುದು ಅಲ್ಲಿಗೇ. ಎಂಜಿನ್ ಮುಚ್ಚಳದ ಹತ್ತಿರವೂ ಬೇಡ, ಬಿಸಿಗೆ ಬಾಳುವುದಿಲ್ಲ. ಡ್ಯಾಶ್‌ಬೋರ್ಡ್ ಮೇಲಂತೂ ಏಪ್ರಿಲ್ ಬಿಸಿಲಿಗೆ ಬೆಂದುಹೋಗುತ್ತದೆ. ಡ್ರೈವರ್ ಹಿಂಭಾಗದಲ್ಲಿ, ಚಾವಣಿಗೆ ಹತ್ತಿರದ ಲಗೇಜ್ ಗೂಡು ಒಳ್ಳೆಯ ಜಾಗ. ಗಾಳಿಯಾಡಲು ಸುತ್ತಲೂ ಎರಡು ಬೆರಳು ಅಂತರವಿರಲಿ.

ಕೇಬಲ್ಲಿನ ಲೆಕ್ಕ ನೋಡಿದರೆ ಮೇಲಿನ ಗೂಡೇ ಏಕೆ ಎಂಬುದು ತಿಳಿಯುತ್ತದೆ. 1.5 ಚದರ ಮಿ.ಮೀ. ತಾಮ್ರದ ತಂತಿಯನ್ನು ಬ್ಯಾಟರಿಯಿಂದ ಆರು ಮೀಟರ್ ಎಳೆದರೂ, ಹೋಗಿ ಬರುವ ಎರಡು ತಂತಿ ಸೇರಿ, ಒಂದು ಆಂಪಿಯರ್‌ಗೆ ನಷ್ಟವಾಗುವುದು ಸುಮಾರು 0.15 ವೋಲ್ಟ್. ಅದು ಲೆಕ್ಕಕ್ಕೇ ಇಲ್ಲ. ಆದರೆ ಆಯಸ್ಕಾಂತದ ಆಂಟೆನಾಗಳ ಜೊತೆ ಬರುವ ಆರ್‌ಜಿ-174 ಎಂಬ ತೆಳು ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಒಂದೂವರೆ ಡಿಬಿ (ಡೆಸಿಬೆಲ್, ಸಿಗ್ನಲ್ಲಿನ ಏರಿಳಿತ ಅಳೆಯುವ ಮಾನ) ತಿನ್ನುತ್ತದೆ. ಐದು ಮೀಟರ್ ಎಳೆದರೆ ಆಂಟೆನಾ ಹಿಡಿದ ಸಿಗ್ನಲ್ಲಿನಲ್ಲಿ ಐದನೇ ಒಂದು ಪಾಲೂ ರೂಟರ್ ಮುಟ್ಟುವುದಿಲ್ಲ. ಅದೇ ಉದ್ದದ, ದಪ್ಪನೆಯ ಎಲ್‌ಎಂಆರ್-240 ಕೇಬಲ್ಲಿನಲ್ಲಿ ಮೂರನೇ ಎರಡು ಪಾಲು ಉಳಿಯುತ್ತದೆ. ಹಾಗಾಗಿ ಕರೆಂಟಿನ ತಂತಿ ಎಷ್ಟು ಉದ್ದವಾದರೂ ಸರಿ, ಆಂಟೆನಾ ಕೇಬಲ್ ಗಿಡ್ಡವಾಗಿರಬೇಕು. ರೂಟರ್ ಗೂಡಿನಲ್ಲಿದ್ದರೆ ಒಂದೂವರೆ, ಎರಡು ಮೀಟರ್ ಕೇಬಲ್ ಸಾಕು. ಅಷ್ಟು ಉದ್ದಕ್ಕೆ ತುಸು ತೆಳುವಾದ ಎಲ್‌ಎಂಆರ್-195 ಕೂಡ ನಡೆಯುತ್ತದೆ.

ಆಂಟೆನಾ ಯಾವುದು

ಚಾವಣಿಗೆ ಬೋಲ್ಟ್ ಹಾಕಿ ಕೂರಿಸುವ, ಒಂದೇ ಗುಮ್ಮಟದಲ್ಲಿ ಎರಡು ಎಲ್‌ಟಿಇ (ಅಂದರೆ 4ಜಿ) ಮತ್ತು ಒಂದು ಜಿಪಿಎಸ್ ಇರುವ ಆಂಟೆನಾ ತೆಗೆದುಕೊಳ್ಳಿ. 4ಜಿ ರೂಟರ್ ಒಂದೇ ಸಮಯಕ್ಕೆ ಎರಡು ಆಂಟೆನಾಗಳಿಂದ ದತ್ತಾಂಶ ಪಡೆಯುವುದರಿಂದ ಎರಡನೆಯದನ್ನು ಕೈಬಿಟ್ಟರೆ ವೇಗ ಹೋಯಿತು ಎಂದೇ ಅರ್ಥ. ಬಿಡಿ ಆಂಟೆನಾಗಳನ್ನೇ ಹಾಕುವುದಾದರೆ ಎರಡರ ನಡುವೆ ಕನಿಷ್ಠ 20 ಸೆಂ.ಮೀ. ಅಂತರವಿರಲಿ. 850 ಮೆಗಾಹರ್ಟ್ಸ್ ತರಂಗದ ಅರ್ಧದಷ್ಟು ಉದ್ದ ಸುಮಾರು 17.5 ಸೆಂ.ಮೀ., ಅದಕ್ಕೆ ತುಸು ಹೆಚ್ಚೇ ಸಿಕ್ಕಂತಾಗುತ್ತದೆ.

ಪೆಟ್ಟಿಗೆಯ ಮೇಲೆ ‘4ಜಿ/5ಜಿ’ ಎಂದು ಬರೆದಿದ್ದರೆ ಸಾಲದು, ಎಷ್ಟು ಮೆಗಾಹರ್ಟ್ಸ್‌ನಿಂದ ಎಷ್ಟರವರೆಗೆ ಎಂದು ನೋಡಿ. ಜಿಯೊ 850, 1800, 2300ರಲ್ಲಿದೆ. ಏರ್‌ಟೆಲ್ 900, 1800, 2100, 2300 ಬಳಸುತ್ತದೆ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್ ಕೂಡ ಇದೆ. ಕೆಲವು ಅಗ್ಗದ ಆಂಟೆನಾಗಳು 800ಕ್ಕಿಂತ ಕೆಳಗೆ ಕೆಲಸವನ್ನೇ ಮಾಡವು. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ದೂರದ ಟವರಿನಿಂದ ತಲುಪುವುದು ಹೆಚ್ಚಾಗಿ ಈ ಕೆಳ ಆವರ್ತನಗಳೇ. 698ರಿಂದ ಆರಂಭವಾಗುವ ಆಂಟೆನಾವನ್ನೇ ಕೇಳಿ ಕೊಳ್ಳಿ.

ಆಯಸ್ಕಾಂತದ ಆಂಟೆನಾ ಖಾಯಂ ಕೆಲಸಕ್ಕೆ ಸಲ್ಲದು. ಅದರ ಕೆಳಗೆ ದೂಳು ಸೇರಿ ಬಣ್ಣ ಕೆರೆಯುತ್ತದೆ, ಬಾಗಿಲ ಸಂದಿಯಲ್ಲಿ ತಂದ ಕೇಬಲ್ ಪ್ರತಿ ಸಲ ಬಾಗಿಲು ಬಡಿದಾಗಲೂ ಜಜ್ಜಿಹೋಗುತ್ತದೆ. ಗಾಜಿಗೆ ಅಂಟಿಸುವವು ಇನ್ನೂ ಕಳಪೆ. ಮತ್ತೊಂದು ಮಾತು: ಆನ್‌ಲೈನಿನಲ್ಲಿ ಸಿಗುವ ‘ಸಿಗ್ನಲ್ ಬೂಸ್ಟರ್’ಗಳತ್ತ ಕೈ ಚಾಚಬೇಡಿ. ಪರವಾನಗಿ ಇಲ್ಲದೆ ಅವನ್ನು ಬಳಸುವುದು ಕಾನೂನುಬಾಹಿರ, ಸುತ್ತಲಿನವರ ನೆಟ್‌ವರ್ಕ್ ಕೂಡ ಕೆಡುತ್ತದೆ.

ತೂತು: ಅರ್ಧ ದಿನ ಇದಕ್ಕೇ ಇಡಿ

ಚಾವಣಿಯ ತಗಡು ಬರಿಯ ಆಧಾರವಲ್ಲ, ಆಂಟೆನಾದ ಕೆಳಗಿನ ಅರ್ಧಭಾಗದ ಕೆಲಸ ಮಾಡುವುದು ಅದೇ. ಆದ್ದರಿಂದ ಗುಮ್ಮಟದ ಸುತ್ತ ಎಲ್ಲ ದಿಕ್ಕಿಗೂ 30 ಸೆಂ.ಮೀ. ಬಿಡುವಾದ ತಗಡು ಇರಲಿ. ಎ.ಸಿ. ಘಟಕದ ಮಗ್ಗುಲು, ಲಗೇಜ್ ಕ್ಯಾರಿಯರ್ ಕಂಬಿಗಳ ನಡುವೆ, ಅಂಚಿನ ಇಳಿಜಾರು, ಈ ಮೂರೂ ಕೂಡದು. ಆಂಬ್ಯುಲೆನ್ಸಿನಲ್ಲಿ ವೈರ್‌ಲೆಸ್ ಸೆಟ್ ಇದ್ದರೆ ಅದರ ಆಂಟೆನಾದಿಂದ ಒಂದು ಮೀಟರ್ ದೂರವಿರಿ. ಬಾಡಿ ಕಟ್ಟಿಸಿದ ಬಸ್ಸುಗಳಲ್ಲಿ ಮುಂದಿನ, ಹಿಂದಿನ ಮೂತಿ ಫೈಬರ್‌ನದಾಗಿರುತ್ತದೆ. ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಲಿ ಕೊರೆಯಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಒಳಗಿನಿಂದ 30×30 ಸೆಂ.ಮೀ. ಅಲ್ಯೂಮಿನಿಯಂ ಹಾಳೆ ಕೊಟ್ಟು, ಆಂಟೆನಾದ ನಟ್ಟು ಅದನ್ನು ಕಚ್ಚುವಂತೆ ಬಿಗಿಯಿರಿ.

ಜಾಗ ಗೊತ್ತಾದ ಮೇಲೆ ಒಳಗಿನ ದೀಪ ಬಿಚ್ಚಿ, ಹೊದಿಕೆ ಇಳಿಸಿ, ಕೈಹಾಕಿ ನೋಡಿ. ಅಡ್ಡಪಟ್ಟಿ, ದೀಪದ ವೈರು, ಎ.ಸಿ. ಕೊಳವೆ ಎಲ್ಲಿವೆ ಎಂದು ಕಣ್ಣಾರೆ ಕಾಣದೆ ಡ್ರಿಲ್ ಮುಟ್ಟಬೇಡಿ. ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ಮೇಲೆ ನಿಂತು ಅಂದಾಜಿನಲ್ಲಿ ಕೊರೆದಾಗ ಅರ್ಧ ತೂತು ಅಡ್ಡಪಟ್ಟಿಯ ಮೇಲೆ ಬೀಳುತ್ತದೆ. ಆಮೇಲೆ ನಟ್ಟು ಓರೆಯಾಗಿ ಕೂರುತ್ತದೆ, ಗುಮ್ಮಟದ ಕೆಳಗಿನ ರಬ್ಬರ್ ಒಂದು ಬದಿಗೆ ಒತ್ತುವುದೇ ಇಲ್ಲ, ಮೊದಲ ಮಳೆಗೇ ಸೋರುತ್ತದೆ.

ಮೇಲ್ಭಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ, 3 ಮಿ.ಮೀ. ಬಿಟ್ಟಿನಿಂದ ಮೊದಲ ತೂತು ಹೊಡೆಯಿರಿ. ಬಿಟ್ ಒಳನುಗ್ಗದಂತೆ ಒಳಗಿನಿಂದ ಒಬ್ಬರು ಮರದ ತುಂಡು ಒತ್ತಿಹಿಡಿಯಲಿ. ಬಳಿಕ ಆಂಟೆನಾದ ಸ್ಟಡ್ (ತಳದ ಬೋಲ್ಟ್) ದಪ್ಪಕ್ಕೆ ತಕ್ಕ ಹೋಲ್ ಸಾ (ದುಂಡಗೆ ತೂತು ಕೊರೆಯುವ ಗರಗಸ) ಹಾಕಿ, ಸಾಮಾನ್ಯವಾಗಿ 16ರಿಂದ 22 ಮಿ.ಮೀ. ಆಂಟೆನಾದ ಕಾಗದದಲ್ಲಿ ಇರುವ ಅಳತೆಯೇ ಅಂತಿಮ, ‘ಸ್ವಲ್ಪ ಲೂಸ್ ಇರಲಿ’ ಎಂದು ದೊಡ್ಡದು ಮಾಡಬೇಡಿ. ಹಲ್ಲಿಗೆ ಗ್ರೀಸ್ ಸವರಿದರೆ ಕಬ್ಬಿಣದ ಚೂರು ಅದಕ್ಕೇ ಅಂಟುತ್ತದೆ. ನಿಧಾನ ವೇಗ, ಹಗುರ ಒತ್ತಡ. ಉಳಿದ ಚೂರನ್ನು ಕೈಯಿಂದ ಗುಡಿಸಬೇಡಿ, ಬಣ್ಣದಲ್ಲಿ ಗೀರು ಬೀಳುತ್ತದೆ. ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಎತ್ತಿ ತೆಗೆಯಿರಿ. ಒಂದು ಚೂರು ಉಳಿದರೂ ಮಳೆಗಾಲದಲ್ಲಿ ಆ ಜಾಗದಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ.

ಅಂಚನ್ನು ಅರದಿಂದ ಉಜ್ಜಿ ನಯಮಾಡಿ. ಕತ್ತರಿಸಿದ ಅಂಚಿಗೆ ಮತ್ತು ಮೇಲ್ಮೈಗೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಪೂರ್ತಿ ಒಣಗಲು ಬಿಡಿ. ಒಳಗಡೆ ಮಾತ್ರ ಇದಕ್ಕೆ ವಿರುದ್ಧ: ತೂತಿನ ಸುತ್ತ ಒಂದು ಅಂಗುಲ ಅಗಲದ ಬಳೆಯಷ್ಟು ಬಣ್ಣವನ್ನು ಎಮರಿ ಕಾಗದದಿಂದ ಕೆರೆದು ಹೊಳೆಯುವ ತಗಡು ಕಾಣಿಸಬೇಕು. ಹಲ್ಲಿನ ವಾಷರ್ ಕಚ್ಚಬೇಕಾದ್ದು ಅದನ್ನೇ. ಬಣ್ಣದ ಮೇಲೆಯೇ ಬಿಗಿದರೆ ಆಂಟೆನಾಗೆ ತಗಡಿನ ಸಂಪರ್ಕವೇ ಸಿಗುವುದಿಲ್ಲ. ಹೊರಗಿನಿಂದ ನೋಡಿದರೆ ಈ ತಪ್ಪು ಕಾಣುವುದೂ ಇಲ್ಲ. ಬಿಗಿದಾದ ಮೇಲೆ ತೆರೆದುಳಿದ ತಗಡಿಗೆ ಪ್ರೈಮರ್ ಹಚ್ಚಿ ಮುಚ್ಚಿ.

ಬಿಗಿಯುವಾಗ ಇಬ್ಬರು ಬೇಕೇ ಬೇಕು. ಮೇಲಿನವರು ಗುಮ್ಮಟವನ್ನು ಅಲುಗದಂತೆ ಹಿಡಿಯಬೇಕು, ಒಳಗಿನವರು ನಟ್ಟನ್ನಷ್ಟೇ ತಿರುಗಿಸಬೇಕು. ಗುಮ್ಮಟವೇ ತಿರುಗಿದರೆ ಕೇಬಲ್ಲುಗಳು ಹೊಸೆದುಕೊಂಡು ಒಳಗಿನ ಬೆಸುಗೆ ಕಿತ್ತುಬರುತ್ತದೆ. ರಬ್ಬರ್ ಸಮವಾಗಿ ಒತ್ತಿದ ಕೂಡಲೇ ನಿಲ್ಲಿಸಿ. ಇನ್ನೂ ಬಿಗಿದರೆ ತಗಡು ತಗ್ಗಾಗಿ ನೀರು ನಿಲ್ಲುತ್ತದೆ. ಸುತ್ತ ಒಂದು ತೆಳು ಗೆರೆ ಸಿಲಿಕೋನ್ ಕೊಡಿ, ಆದರೆ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದಿರುವುದನ್ನೇ. ವಿನೆಗರ್‌ನಂತೆ ಹುಳಿ ವಾಸನೆ ಬರುವ ಅಗ್ಗದ ಟ್ಯೂಬಿನಿಂದ ಹೊರಬರುವ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಮರುದಿನ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು, ಒಳಗೆ ಒಣ ಬಟ್ಟೆ ಒತ್ತಿ ನೋಡಿದ ಮೇಲೆಯೇ ಹೊದಿಕೆ ಮುಚ್ಚಿ.

ಕೇಬಲ್ ಮತ್ತು ಕನೆಕ್ಟರ್

ತೀರಾ ಮಡಚಬೇಡಿ. ತಿರುವು ಕೇಬಲ್ ದಪ್ಪದ ಐದು ಪಟ್ಟಾದರೂ ಇರಲಿ. ಕೇಬಲ್ ಟೈ ಹಾಕುವಾಗ ಕೇಬಲ್ ಚಪ್ಪಟೆಯಾಗುವಷ್ಟು ಎಳೆಯಬಾರದು. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಏರ್‌ಬ್ಯಾಗ್ ಇರುವ ಕಂಬಗಳಲ್ಲಿ ಯಾವ ಕಾರಣಕ್ಕೂ ಕೇಬಲ್ ಎಳೆಯಬೇಡಿ. ಹೆಚ್ಚಾದ ಕೇಬಲ್ಲನ್ನು ಸುರುಳಿ ಸುತ್ತಿಡುವ ಬದಲು ಕತ್ತರಿಸಿ ಹೊಸ ಕನೆಕ್ಟರನ್ನು ಇಕ್ಕಳದಿಂದ ಒತ್ತಿ ಕೂರಿಸಿ, ಅಂದರೆ ಕ್ರಿಂಪ್ ಮಾಡಿಸಿ. ಕ್ರಿಂಪ್ ಮಾಡಿದಾಗ ಕೇಬಲ್ಲಿನ ಹೊರಸುತ್ತಿನ ಜಾಲರಿಯ ಒಂದು ಎಳೆ ನಡುಪಿನ್ನನ್ನು ತಾಗಿದರೂ ಶಾರ್ಟ್ ಆಗುತ್ತದೆ. ಮಲ್ಟಿಮೀಟರ್‌ನಿಂದ ನೋಡಿ, ಆದರೆ ಆಂಟೆನಾ ಕಡೆಯ ತುದಿ ಬಿಚ್ಚಿದ್ದಾಗ ಮಾತ್ರ. ಕೆಲವು ಆಂಟೆನಾಗಳು ಒಳಗೇ ಶಾರ್ಟ್ ಇರುವಂತೆ ತಯಾರಾಗಿರುತ್ತವೆ, ಅವನ್ನು ಕೆಟ್ಟಿವೆ ಎಂದು ಎಸೆಯಬೇಡಿ.

ಇನ್ನೊಂದು ಮೋಸದ ಜಾಗ: ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಯ ಕನೆಕ್ಟರ್‌ಗಳ ಮರೆಯೂ (ತಿರುಪಿನ ಗೆರೆ) ಒಂದೇ. ಎಲ್‌ಟಿಇ, ಜಿಪಿಎಸ್ ಕಿಂಡಿಗಳು ಎಸ್‌ಎಂಎ, ವೈಫೈ ಸಾಮಾನ್ಯವಾಗಿ ಆರ್‌ಪಿ. ತಪ್ಪಾಗಿ ಹಾಕಿದರೂ ಸಲೀಸಾಗಿ ತಿರುಗಿ ಕೂರುತ್ತದೆ, ಆದರೆ ನಡುವೆ ಪಿನ್ನೇ ಇಲ್ಲದೆ ಸಂಪರ್ಕವಾಗುವುದಿಲ್ಲ. ಹಾಕುವ ಮುನ್ನ ಕಣ್ಣಿಟ್ಟು ನೋಡಿ: ಒಂದರಲ್ಲಿ ಪಿನ್, ಎದುರಿನದರಲ್ಲಿ ಕಿಂಡಿ ಇರಬೇಕು. ಬೆರಳಲ್ಲಿ ಬಿಗಿದು, 8 ಮಿ.ಮೀ. ಸ್ಪ್ಯಾನರ್‌ನಿಂದ ಒಂದು ಸಣ್ಣ ತಿರುವು ಕೊಟ್ಟರೆ ಸಾಕು. ಜಿಪಿಎಸ್ ತುದಿಯನ್ನು ಜಿಪಿಎಸ್ ಕಿಂಡಿಗೇ ಹಾಕಿ. ಆ ಆಂಟೆನಾದೊಳಗಿನ ಆಂಪ್ಲಿಫೈಯರ್‌ಗೆ ರೂಟರ್ ಇದೇ ಕೇಬಲ್ಲಿನಲ್ಲಿ 3ರಿಂದ 5 ವೋಲ್ಟ್ ಕಳಿಸುತ್ತದೆ.

ಕರೆಂಟು

ಮೂರು ತಂತಿ: ಬ್ಯಾಟರಿಯ ಪ್ಲಸ್, ಇಗ್ನಿಷನ್, ಅರ್ಥ್. ಪ್ಲಸ್ ನೇರ ಬ್ಯಾಟರಿಯಿಂದ, 15–20 ಸೆಂ.ಮೀ. ಒಳಗೆ 3 ಆಂಪಿಯರ್ ಫ್ಯೂಸ್. ಫ್ಯೂಸನ್ನು ರೂಟರ್ ಪಕ್ಕ ಹಾಕಿದರೆ ನಡುವಿನ ಆರು ಮೀಟರ್ ತಂತಿಗೆ ರಕ್ಷಣೆಯೇ ಇಲ್ಲ. ಇಗ್ನಿಷನ್ ತಂತಿ ರೂಟರ್‌ಗೆ ಸೂಚನೆ ಕೊಡಲು ಮಾತ್ರ. ಅದರಿಂದಲೇ ಪವರ್ ಕೊಟ್ಟರೆ ಸ್ಟಾರ್ಟ್ ಮಾಡಿದಾಗಲೆಲ್ಲ ರೂಟರ್ ಆರಿ ಹತ್ತುತ್ತದೆ. ಅದನ್ನು ಬಿಟ್ಟೇಬಿಟ್ಟರೆ ರೂಟರ್ ರಾತ್ರಿಯಿಡೀ ಉರಿಯುತ್ತದೆ. 10 ವ್ಯಾಟ್ ರೂಟರ್ ಎರಡು ದಿನದ ರಜೆಯಲ್ಲಿ ಸುಮಾರು 40 ಆಂಪಿಯರ್-ಅವರ್ ಕುಡಿಯುತ್ತದೆ, ಸೋಮವಾರ ಬೆಳಿಗ್ಗೆ 70 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸ್ಟಾರ್ಟರ್ ತಿರುಗುವುದೇ ಕಷ್ಟ. ಕೀ ತೆಗೆದ 15 ನಿಮಿಷಕ್ಕೆ ಆರುವಂತೆ ಹೊಂದಿಸಿ. ಸಿಗರೇಟ್ ಲೈಟರ್ ಪ್ಲಗ್ ಬೇಡ, ಹಂಪ್‌ಗಳಿಗೆ ಸಡಿಲವಾಗುತ್ತದೆ.

ದೊಡ್ಡ ಬಸ್ಸುಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. ‘12 ವೋಲ್ಟ್ ಸಾಕಲ್ಲ’ ಎಂದು ಒಂದೇ ಬ್ಯಾಟರಿಯಿಂದ ತಂತಿ ತೆಗೆಯುವವರಿದ್ದಾರೆ. ಹಾಗೆ ಮಾಡಿದರೆ ಆ ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹಾಳು. 9–36 ವೋಲ್ಟ್ ತಡೆಯುವ ರೂಟರ್ ತನ್ನಿ, ಇಲ್ಲವೇ ಒಳ್ಳೆಯ ಕನ್ವರ್ಟರ್ ಹಾಕಿ. ಅಗ್ಗದ ಕನ್ವರ್ಟರ್, ಯುಎಸ್‌ಬಿ ಚಾರ್ಜರ್‌ಗಳ ಗದ್ದಲಕ್ಕೆ ಪಕ್ಕದ ಜಿಪಿಎಸ್ ದಾರಿ ತಪ್ಪುತ್ತದೆ. ವಾಹನದಲ್ಲಿ ಎಐಎಸ್-140 ಮಾನದಂಡದ, ವಾಹನ ಎಲ್ಲಿದೆ ಎಂದು ತಿಳಿಸುವ ಟ್ರ್ಯಾಕರ್ ಮತ್ತು ತುರ್ತು ಬಟನ್ ಇದ್ದರೆ ಅವುಗಳ ವೈರಿನಿಂದ ಕವಲು ತೆಗೆಯಲೇಬೇಡಿ.

ಪರೀಕ್ಷೆ

ಸಿಮ್ ಹಾಕಿ, ಎಪಿಎನ್ (ಕಂಪನಿಯ ನೆಟ್‌ಗೆ ಸೇರುವ ಹೆಸರು) ಬರೆಯಿರಿ: ಜಿಯೊಗೆ ಜಿಯೊನೆಟ್ (jionet), ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್ (bsnlnet). ಹೆಸರಿನ ನಡುವೆ ಜಾಗ ಬಿಡಬೇಡಿ.

ವ್ಯಾನನ್ನು ಬಯಲಿನಲ್ಲಿ ನಿಲ್ಲಿಸಿ ರೂಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಟವರಿನ ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಂಕಿ) ನೋಡಿ. ಮೈನಸ್ 90ಕ್ಕಿಂತ ಮೇಲಿದ್ದರೆ ಚೆನ್ನ, ಮೈನಸ್ 105ರವರೆಗೆ ನಡೆದೀತು, ಮೈನಸ್ 110 ದಾಟಿದರೆ ಪರದಾಟ. ಎರಡೂ ಆಂಟೆನಾಗಳ ಅಂಕಿ ಬೇರೆಬೇರೆ ತೋರಿಸುವ ರೂಟರ್ ಆದರೆ ವ್ಯತ್ಯಾಸ ಐದಾರು ಡಿಬಿ ಒಳಗಿರಬೇಕು. ಒಂದು 20 ಡಿಬಿ ಕೆಳಗಿದ್ದರೆ ಟವರನ್ನು ದೂರಬೇಡಿ. ಆ ಬದಿಯ ಕನೆಕ್ಟರ್ ಬಿಚ್ಚಿ ಪಿನ್ ನೋಡಿ. ಬಳಿಕ ಎಂಜಿನ್, ಎ.ಸಿ., ಹೆಡ್‌ಲೈಟ್ ಎಲ್ಲ ಹಾಕಿ ಮತ್ತೊಮ್ಮೆ ಅದೇ ಅಂಕಿಗಳನ್ನು ಓದಿ, ಎರಡೂ ಸಲದ್ದನ್ನು ರೂಟರ್ ಮೇಲೆಯೇ ಚೀಟಿ ಅಂಟಿಸಿ ಬರೆದಿಡಿ. ಸಾವಿರ ಕಿ.ಮೀ. ಓಡಿದ ಮೇಲೆ ಕನೆಕ್ಟರ್‌ಗಳ ಬಿಗಿ ಮುಟ್ಟಿ ನೋಡುವಾಗ ಆ ಚೀಟಿ ಬೇಕಾಗುತ್ತದೆ.