ಗುಂಡು ಎತ್ತುವ ಮೊದಲು ಟೇಪು ಹಿಡಿಯಿರಿ

ಎತ್ತರ ಕಡಿಮೆ ಇರುವವರು ಪ್ಯಾರಾ ಎಸೆತಕ್ಕೆ, ಅಂದರೆ ಅಂಗವಿಕಲರ ಎಸೆತದ ಸ್ಪರ್ಧೆಗಳಿಗೆ, ಬರುವಾಗ ಮೊದಲು ಕೇಳುವುದು, ಯಾವ ಕೋಚ್ ಹತ್ತಿರ ಹೋಗಲಿ ಅಂತ. ಕೋಚ್ ಆಮೇಲೆ. ಮೊದಲು ಗೋಡೆಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆಸಿಕೊಳ್ಳಿ, ನಂತರ ತೋಳಿನ ಉದ್ದ, ಆಮೇಲೆ ಎರಡನ್ನೂ ಕೂಡಿಸಿ.

ನಿಮಗಿರುವುದು ಎರಡೇ ವರ್ಗ, ಎಫ್40 ಮತ್ತು ಎಫ್41. ಗಂಡಸರಿಗೆ ಎಫ್40 ಅಂದರೆ ಎತ್ತರ 130 ಸೆಂ.ಮೀ., ತೋಳು 59, ಎರಡೂ ಸೇರಿ 180 ದಾಟಬಾರದು. ಎಫ್41ಕ್ಕೆ 145, 66, 200. ಹೆಂಗಸರಿಗೆ ಎಫ್40ಯಲ್ಲಿ 125, 57, 173, ಎಫ್41ರಲ್ಲಿ 137, 63, 190. ಮೂರೂ ಅಳತೆ ಹೊಂದಬೇಕು, ಎತ್ತರ ಒಂದೇ ಸರಿಯಿದ್ದರೆ ಸಾಲದು. ಜೊತೆಗೆ ಸುಮ್ನೆ ಗಿಡ್ಡ ಇದ್ದರೂ ಆಗುವುದಿಲ್ಲ, ಅಕಾಂಡ್ರೋಪ್ಲಾಸಿಯಾದಂಥ (ಮೂಳೆ ಸರಿಯಾಗಿ ಬೆಳೆಯದ ಹುಟ್ಟು ಸ್ಥಿತಿ) ವೈದ್ಯಕೀಯ ಕಾರಣ ಇರಬೇಕು, ಅದರ ಕಾಗದಪತ್ರವೂ ಬೇಕು. ಇನ್ನೂ ಬೆಳೆಯುವ ವಯಸ್ಸಿನವರನ್ನು ಮತ್ತೆ ಅಳೆಯುತ್ತಾರೆ, ವರ್ಗ ಬದಲಾಗಲೂಬಹುದು.

ಈಗ ಜನ ಎಡವುವ ಜಾಗಕ್ಕೆ ಬರೋಣ. ಇಷ್ಟ ಅಂತ ಡಿಸ್ಕಸ್ ಹಿಡಿದು ನಾಲ್ಕು ವರ್ಷ ಬೆವರು ಸುರಿಸುತ್ತಾರೆ, ಆಮೇಲೆ ನೋಡಿದರೆ ಪ್ಯಾರಾಲಿಂಪಿಕ್ಸ್‌ನಲ್ಲಿ ಆ ವರ್ಗಕ್ಕೆ ಆ ಸ್ಪರ್ಧೆಯೇ ಇಲ್ಲ! ಪ್ಯಾರಿಸ್ 2024ರಲ್ಲಿ ಎಫ್40ಯವರಿಗೆ, ಗಂಡಸರಿರಲಿ ಹೆಂಗಸರಿರಲಿ, ಇದ್ದ ಎಸೆತ ಶಾಟ್‌ಪುಟ್ (ಗುಂಡು ಎಸೆತ) ಒಂದೇ. ಎಫ್41 ಗಂಡಸರಿಗೆ ಶಾಟ್‌ಪುಟ್ ಮತ್ತು ಜಾವೆಲಿನ್, ಹೆಂಗಸರಿಗೆ ಶಾಟ್‌ಪುಟ್ ಮತ್ತು ಡಿಸ್ಕಸ್. ಪಟ್ಟಿ ಪ್ರತಿ ಸಲ ಹೀಗೇ ಇರುತ್ತದೆ ಅಂತಿಲ್ಲ, ಆದ್ದರಿಂದ ಮುಂದಿನ ಕೂಟದ ಪಟ್ಟಿ ನೋಡಿಯೇ ಆರಿಸಿಕೊಳ್ಳಿ. ನನ್ನ ಮಾತು ಕೇಳುವುದಾದರೆ ಶಾಟ್‌ಪುಟ್ ಬಿಡಬೇಡಿ, ಎರಡನೆಯದು ಏನಾದರೂ ಇರಲಿ.

ಗುಂಡಿನ ತೂಕ ಗಂಡಸರಿಗೆ 4 ಕೆ.ಜಿ., ಹೆಂಗಸರಿಗೆ 3. ಆದರೆ ಒಳಗೆ ನಿಂತು ಎಸೆಯುವ ವೃತ್ತ ಮಾತ್ರ ಎಲ್ಲರಿಗೂ ಒಂದೇ, 2.135 ಮೀಟರ್. ಕಾಲು ಚಿಕ್ಕದಿದ್ದಾಗ ಎತ್ತರದವರ ಗ್ಲೈಡ್ (ವೃತ್ತದಲ್ಲಿ ಹಿಂದಕ್ಕೆ ಜಾರಿ ಬಂದು ಎಸೆಯುವುದು) ನಕಲು ಮಾಡಿದರೆ ಅರ್ಧ ವೃತ್ತದಲ್ಲೇ ನಿಂತುಬಿಡುತ್ತೀರಿ, ಅಲ್ವಾ? ಹಾಗಾಗಿ ಮೊದಲ ಕೆಲವು ತಿಂಗಳು ನಿಂತೇ ಎಸೆಯಿರಿ. ಸೊಂಟ ತಿರುಗಿದ ಮೇಲೆ ಭುಜ, ಭುಜ ತಿರುಗಿದ ಮೇಲೆ ಕೈ, ಈ ಕ್ರಮ ಮೈಗೆ ಹತ್ತಲಿ. ಆಮೇಲೆ ನಿಮ್ಮ ಹೆಜ್ಜೆಗೆ ಹೊಂದುವ ಗ್ಲೈಡ್ ಅಥವಾ ಸ್ಪಿನ್ (ಸುತ್ತು ತಿರುಗಿ ಎಸೆಯುವುದು) ನೋಡಿ. ಗುಂಡು ಕೈ ಬಿಡುವ ಎತ್ತರ ಕಡಿಮೆ, ಅದನ್ನು ಬದಲಿಸಲು ಆಗದು, ದೂರ ಬರಬೇಕಾದ್ದು ವೇಗದಿಂದ. ಜಾವೆಲಿನ್‌ನಲ್ಲಿ ತೊಂದರೆ ಬೇರೆ. ಗಂಡಸರ 600 ಗ್ರಾಂ ಭರ್ಜಿ ಎರಡು ಮೀಟರ್‌ಗಿಂತ ಉದ್ದ, ಕೈ ಕೆಳಗಿಳಿದರೆ ಬಾಲ ನೆಲಕ್ಕೆ ತಾಗುತ್ತದೆ. ಅಂಗೈ ಮೇಲ್ಮುಖವಾಗಿ, ಭರ್ಜಿಯ ತುದಿ ಕಣ್ಣಿನ ಹತ್ತಿರ ಇಟ್ಟುಕೊಂಡೇ ಓಡುವ ಅಭ್ಯಾಸ ಮಾಡಿ.

ಬೆನ್ನಿನ ವಿಷಯದಲ್ಲಿ ಹಟ ಬೇಡ. ಅಕಾಂಡ್ರೋಪ್ಲಾಸಿಯಾ ಇರುವವರಿಗೆ ಬೆನ್ನುಹುರಿಯ ನಾಳ ಕಿರಿದಾಗಿರುವುದು ಸಾಮಾನ್ಯ. ಕಾಲು ಜೋಮು ಹಿಡಿದರೆ, ನಡೆಯುವಾಗ ಕಾಲು ಸೋತರೆ ಅವತ್ತೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಹೆಗಲ ಮೇಲೆ ಭಾರದ ಬಾರ್ ಹೊತ್ತು ಸ್ಕ್ವಾಟ್ ಮಾಡುವುದನ್ನು ಅವರನ್ನು ಕೇಳದೆ ಶುರು ಮಾಡಲೇಬೇಡಿ. ಈ ಕ್ರೀಡೆಯಲ್ಲಿ ಅವಸರ ಬೇಕಿಲ್ಲ. ನಿಮ್ಮದೇ ವರ್ಗದ ಎಸೆತಗಾರ್ತಿ, ಟ್ಯುನೀಷಿಯಾದ ರೌವಾ ತ್ಲಿಲಿ 2008ರ ಬೀಜಿಂಗ್‌ನಿಂದ 2024ರ ಪ್ಯಾರಿಸ್‌ವರೆಗೆ ಐದೂ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದಾರೆ. ನಮ್ಮ ಎಫ್41 ಜಾವೆಲಿನ್ ಎಸೆತಗಾರ ನವದೀಪ್ ಸಿಂಗ್ ಟೋಕಿಯೊದಲ್ಲಿ ನಾಲ್ಕನೆಯವರು, ಪ್ಯಾರಿಸ್‌ನಲ್ಲಿ 47.32 ಮೀಟರ್ ಎಸೆದು ಚಿನ್ನ.

ಆ ಚಿನ್ನದ ಕತೆ ಇನ್ನೊಂದು ಪಾಠ. ನವದೀಪ್‌ಗಿಂತ ದೂರ ಎಸೆದಿದ್ದ ಇರಾನಿನ ಸ್ಪರ್ಧಿಯನ್ನು ಮೈದಾನದಲ್ಲಿನ ನಡತೆಯ ನಿಯಮ ಮುರಿದರು ಅಂತ ಅನರ್ಹಗೊಳಿಸಿದರು, ಬೆಳ್ಳಿ ಚಿನ್ನವಾಯಿತು. ದೊಡ್ಡ ಕೂಟಕ್ಕೆ ಹೋಗುವ ಮುಂಚೆ ಗೆದ್ದ ಖುಷಿಗೆ ಏನು ಮಾಡಬಹುದು, ಏನು ಮಾಡಬಾರದು ಅಂತಲೂ ಕೋಚ್‌ನ ಕೇಳಿಟ್ಟುಕೊಳ್ಳಿ.