ಕಬಡ್ಡಿ ಹುಡುಗರಿಗೆ ಮೌತ್‌ಗಾರ್ಡ್: ನನ್ನ ಅನುಭವ

ನಮ್ಮ ಪುತ್ತೂರು, ಸುಳ್ಯ ಕಡೆ ಮಳೆ ನಿಂತಿತೆಂದರೆ ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ಮರುದಿನ ನನ್ನ ಹಲ್ಲಿನ ಕ್ಲಿನಿಕ್‌ಗೆ ತುಟಿ ಊದಿಸಿಕೊಂಡು ಯಾರಾದರೂ ಬಂದೇ ಬರುತ್ತಾರೆ. ಜಾಸ್ತಿ ಜನ ಕಾರ್ನರ್‌ನಲ್ಲಿ, ಅಂದರೆ ಹಿಡಿಯುವ ಸಾಲಿನ ತುದಿಯಲ್ಲಿ ಆಡುವವರು. ರೇಡರ್‌ನ, ಅಂದರೆ ಎದುರು ತಂಡದಿಂದ ನುಗ್ಗಿ ಬಂದವನ, ಆಂಕಲ್ (ಪಾದದ ಗಂಟು) ಹಿಡಿಯಲು ಹಾರಿದಾಗ ಅವನ ಮೊಣಕಾಲು ಸೀದಾ ಮೇಲಿನ ಮುಂದಿನ ಹಲ್ಲಿಗೆ ಬಡಿಯುತ್ತದೆ. ಆ ಪ್ರಾಯದಲ್ಲಿ ಮುಂದಿನ ಹಲ್ಲು ಹೋದರೆ ಹುಡುಗರು ನಗುವುದನ್ನೇ ಬಿಡುತ್ತಾರೆ. ಅದನ್ನು ನೋಡಿಕೊಂಡು ಸುಮ್ನೆ ಕೂರಲು ನನ್ನಿಂದಾಗಲಿಲ್ಲ.

ಹಲ್ಲಿಗೆ ಪೆಟ್ಟಾಗದಂತೆ ಬಾಯೊಳಗೆ ಹಾಕಿಕೊಳ್ಳುವ ಮೌತ್‌ಗಾರ್ಡ್ ಹೊಸ ವಸ್ತುವೇನಲ್ಲ. 1890ರಲ್ಲೇ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಬಾಕ್ಸರ್‌ಗಳ ಹಲ್ಲಿಗೆ ಗಟ್ಟಾ ಪರ್ಚಾ ಎಂಬ, ಮರದ ಹಾಲಿನಿಂದ ಮಾಡುವ ರಬ್ಬರಿನಂಥ ವಸ್ತುವಿನ ಪಟ್ಟಿ ಇಟ್ಟಿದ್ದರು. ಈಗಲೂ ರೂಟ್ ಕೆನಾಲ್‌ನಲ್ಲಿ ನಾವು ತುಂಬುವುದು ಅದನ್ನೇ. ಅಂಗಡಿಯಲ್ಲಿ ಬಿಸಿನೀರಿಗೆ ಹಾಕಿ ಕಚ್ಚುವ ಗಾರ್ಡ್ ಸಿಗುತ್ತದೆ. ಹುಡುಗರು ಕೊಂಡರು, ಆದರೆ ಹಾಕಲಿಲ್ಲ. "ಡಾಕ್ಟ್ರೇ, ಇದು ಹಾಕಿದ್ರೆ ಕ್ಯಾಂಟ್ ಬರುದಿಲ್ಲ" ಅಂದರು. ಅವರು ಹೇಳಿದ್ದು ಸರಿಯೇ. 30 ಸೆಕೆಂಡಿನ ರೇಡ್‌ನಲ್ಲಿ ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತಲೇ ಇರಬೇಕು, ಅದೇ ಕ್ಯಾಂಟ್; ಅದು ಅಂಪೈರಿಗೆ ಕೇಳಿಸಬೇಕು. ಕಾರ್ನರ್‌ನವನಾದರೂ ಒಮ್ಮೊಮ್ಮೆ ರೇಡ್‌ಗೆ ಹೋಗಲೇಬೇಕಲ್ವಾ?

ಹಾಗಾಗಿ ನಾನು ಹಲ್ಲಿಗಿಂತ ಮೊದಲು ನಾಲಿಗೆಯನ್ನು ಗಮನಿಸಿದೆ. 'ಬ' ಅನ್ನಲು ಎರಡೂ ತುಟಿ ಕೂಡಬೇಕು. ಮುಂಭಾಗ ಅತಿ ದಪ್ಪವಾದರೆ ಕೂಡುವುದಿಲ್ಲ. 'ಡ್ಡಿ' ಅನ್ನಲು ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ಅಂಗಡಿಯ ಗಾರ್ಡ್‌ನ ದಪ್ಪ ಅಂಚು ಸರಿಯಾಗಿ ಅಲ್ಲೇ ಅಡ್ಡ ಬರುತ್ತದೆ.

ಹಾಗಾಗಿ ಅವರವರ ಬಾಯಿಗೆ ಹೊಂದುವ ಗಾರ್ಡನ್ನು ನಾನೇ ಮಾಡಿಕೊಡುತ್ತೇನೆ. ಮಾಡುವ ಕ್ರಮ ಹೀಗಿದೆ. ಆಲ್ಜಿನೇಟ್ ಎಂಬ ಅಚ್ಚಿನ ಪೇಸ್ಟ್‌ನಲ್ಲಿ ಮೇಲಿನ ಹಲ್ಲಿನ ಅಚ್ಚು ತೆಗೆದು, ಡೆಂಟಲ್ ಸ್ಟೋನ್ (ಗಟ್ಟಿ ಜಿಪ್ಸಂ) ಸುರಿದು ಮಾಡೆಲ್ ಮಾಡುತ್ತೇನೆ. ಅದರ ಮೇಲೆ ಬಿಸಿ ಮಾಡಿದ ಇವಿಎ (ಮೆತ್ತಗಿನ ಪ್ಲಾಸ್ಟಿಕ್) ಶೀಟನ್ನು ವ್ಯಾಕ್ಯೂಮ್ ಮಶೀನ್‌ನಲ್ಲಿ ಎಳೆಯುವುದು. 4 ಮಿ.ಮೀ. ಶೀಟ್ ಎಳೆದ ಮೇಲೆ 4 ಉಳಿಯುವುದಿಲ್ಲ. ಮುಂದಿನ ಹಲ್ಲಿನ ತುದಿಯಲ್ಲಿ ತುಂಬಾ ತೆಳುವಾಗುತ್ತದೆ, ಪೆಟ್ಟು ಬೀಳುವುದೂ ಅಲ್ಲಿಗೇ. ಅದಕ್ಕೆ ಮುಂಭಾಗಕ್ಕೆ ಮಾತ್ರ ಇನ್ನೊಂದು ಪದರ ಕೂಡಿಸಿ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನೋಡುತ್ತೇನೆ. ತುಟಿಯ ಕಡೆ 3 ಮಿ.ಮೀ., ಅಗಿಯುವ ಕಡೆ 2. ಅಂಗುಳದ ಕಡೆ 1, ಅದೂ ಒಸಡಿನ ಹತ್ತಿರ ಬರುತ್ತಾ ಕಾಗದದಷ್ಟು ತೆಳುವಾಗಿ ಮುಗಿಯಬೇಕು. ಮೇಲ್ತುಟಿಯ ಒಳಗೆ ಮಧ್ಯದಲ್ಲಿರುವ ತೆಳು ನಾರಿಗೆ ತಾಗದಂತೆ ಒಂದು ಕಚ್ಚು ಬಿಡುತ್ತೇನೆ. ಕೊನೆಗೆ ಸ್ವಲ್ಪ ಬಿಸಿ ಮಾಡಿ ಕಚ್ಚಿಸಿ, ಕೆಳಗಿನ ಹಲ್ಲೆಲ್ಲ ಒಟ್ಟಿಗೆ ಕೂರುತ್ತವೆಯೇ ನೋಡಬೇಕು. ಇಲ್ಲದಿದ್ದರೆ ದವಡೆ ನೋಯುತ್ತದೆ.

ಆಮೇಲೆ ಹುಡುಗನನ್ನು ಕುರ್ಚಿಯಿಂದ ಎಬ್ಬಿಸಿ, ಕ್ಲಿನಿಕ್‌ನಲ್ಲೇ ಪೂರ್ತಿ ಒಂದು ರೇಡ್‌ನಷ್ಟು ಹೊತ್ತು ಕ್ಯಾಂಟ್ ಹೇಳಿಸುತ್ತೇನೆ. ನಾನು ಬಾಗಿಲಾಚೆ ನಿಂತು ಕೇಳುವುದು. 'ಡ್ಡಿ' ತೊದಲಿದರೆ ಅಂಚನ್ನು ಇನ್ನಷ್ಟು ಉಜ್ಜುತ್ತೇನೆ.

ದಂತವೈದ್ಯರಿಗೆ ಆಟದ ಸಾಮಾನು ಯಾಕೆ ಅನ್ನುವವರಿದ್ದಾರೆ. ಗಾಲ್ಫ್ ಚೆಂಡನ್ನು ಕೂರಿಸುವ ಮರದ ಟೀಗೆ 1899ರಲ್ಲಿ ಪೇಟೆಂಟ್ ಪಡೆದ ಬೋಸ್ಟನ್‌ನ ಜಾರ್ಜ್ ಗ್ರಾಂಟ್ ದಂತವೈದ್ಯರೇ. ಅಂಗುಳ ಸೀಳಿ ಹುಟ್ಟಿದವರಿಗೆ ಮಾತು ಬರುವಂತೆ ಕೃತಕ ಅಂಗುಳ ಮಾಡುತ್ತಿದ್ದವರೂ ಅವರೇ. ನನಗೆ ಅವರ ಈ ಎರಡನೇ ಕೆಲಸದ ಮೇಲೆಯೇ ಹೆಚ್ಚು ಗೌರವ.

ಗಾರ್ಡನ್ನು ತಣ್ಣೀರಲ್ಲಿ ತೊಳೆದು ಡಬ್ಬಿಯಲ್ಲಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಆಕಾರ ಕೆಡುತ್ತದೆ. ಹಲ್ಲು ಇನ್ನೂ ಬರುತ್ತಿರುವ ಮಕ್ಕಳಿಗೆ ಆಗಾಗ ಹೊಸದು ಬೇಕು. ಗಾರ್ಡ್ ಇಲ್ಲದೆ ಆಡಿ ಶಾಶ್ವತ ಹಲ್ಲು (ಹಾಲುಹಲ್ಲಲ್ಲ) ಬೇರುಸಮೇತ ಕಿತ್ತು ಬಂದರೆ ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ಡಾಕ್ಟರ ಹತ್ತಿರ ತಲುಪಿಸಿ. ನಮ್ಮೂರ ತಂಡಗಳಿಗೆ ಹೇಳಿಟ್ಟಿದ್ದೇನೆ, ಫೈನಲ್ ಮುಗಿಯುವಾಗ ಬೆಳಗಿನ ಜಾವವಾದರೂ ಸರಿ, ನನಗೆ ಫೋನ್ ಮಾಡಿ ಅಂತ.