ಕುಲುಮೆಗೆ ಸೋಲಾರ್ ಕೂರಿಸುವ ಕೆಲಸ: ನನ್ನ ಅನುಭವ

ಮನೆದೀಪದ ಸೋಲಾರ್ ಮಾರುತ್ತ ಈ ಕೆಲಸಕ್ಕೆ ಬಂದವನು ನಾನು. ಹಾವೇರಿ, ಗದಗ ಸೀಮೆಯಲ್ಲಿ ಆಗ ಸಂಜೆ ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ದೀಪ, ಒಂದು ಮೊಬೈಲ್ ಚಾರ್ಜರ್ ಎಂದರೆ ಜನ ತಾವಾಗಿಯೇ ಕೇಳಿಕೊಂಡು ಬರುತ್ತಿದ್ದರು. 2017ರ ಸೌಭಾಗ್ಯ ಯೋಜನೆಯ ನಂತರ ಉಳಿದ ಮನೆಗಳಿಗೂ ತಂತಿ ಬಂತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಡವರ ಮನೆಗೆ ಬಿಲ್ಲಿನ ಚಿಂತೆಯೂ ತಪ್ಪಿತು. ನಮ್ಮ ವ್ಯಾಪಾರ ಮುಗಿಯಿತೆಂದು ಗೊಣಗಿದವರಿದ್ದಾರೆ. ಬಡವರ ಮನೆಗೆ ಬೆಳಕು ಬಂದದ್ದಕ್ಕೆ ಅಳುವುದು ನನ್ನಿಂದಾಗಲಿಲ್ಲ. ಗೃಹಜ್ಯೋತಿ ಮನೆಗೆ ಸಿಗುತ್ತದೆ, ದುಡಿಯುವ ಜಾಗಕ್ಕೆ ಸಿಗುವುದಿಲ್ಲ. ನಾನು ಆ ಕಡೆ ತಿರುಗಿದೆ. ಹೊಲಿಗೆ ಯಂತ್ರಕ್ಕೆ ಸಣ್ಣ ಮೋಟಾರು ಕೂರಿಸಿದೆ. ಆದರೆ ಹೆಚ್ಚು ಕಲಿತದ್ದು ಕಮ್ಮಾರರ ಕುಲುಮೆಯಲ್ಲಿ.

ನಾನು ಕಂಡ ಕುಲುಮೆಗಳಲ್ಲಿ ಹೆಚ್ಚಿನವು ಊರ ಹೊರಗೆ, ರಸ್ತೆ ಬದಿಯ ತಗಡಿನ ಚಪ್ಪರದಡಿ ಇವೆ. ಜಾಗಕ್ಕೆ ಉತಾರ, ಅಂದರೆ ಒಡೆತನದ ದಾಖಲೆ, ಇಲ್ಲ. ಉತಾರ ಇಲ್ಲದೆ ಮೀಟರು ಹಾಕಿಸಿಕೊಳ್ಳುವುದು ಕಷ್ಟ, ಮೀಟರು ಇಲ್ಲದಿದ್ದರೆ ಕರೆಂಟು ಬಿಲ್ಲಿನ ಗ್ರಾಹಕ ಸಂಖ್ಯೆಯಾದ ಆರ್.ಆರ್. ನಂಬರ್ ಎಲ್ಲಿಂದ ಬಂದೀತು? ಕಪ್ಪತಗುಡ್ಡದ ಆಸುಪಾಸಿನ ಗಾಳಿಯಂತ್ರಗಳ ವಿದ್ಯುತ್ತು ಇವರ ತಲೆಯ ಮೇಲಿನ ತಂತಿಯಲ್ಲೇ ಹರಿದು ಹೋಗುತ್ತದೆ. ಕೆಳಗೆ ಹೆಂಗಸೊಬ್ಬಳು ಬೆಂಕಿಗೆ ಗಾಳಿ ಕೊಡಲು ಕೈಚಕ್ರ ತಿರುಗಿಸುತ್ತಿರುತ್ತಾಳೆ. ಗಂಡ ಇಕ್ಕಳದಲ್ಲಿ ಕಬ್ಬಿಣ ಹಿಡಿದಿರುವಷ್ಟು ಹೊತ್ತೂ ಚಕ್ರ ನಿಲ್ಲುವಂತಿಲ್ಲ. ರೋಹಿಣಿ ಮಳೆಯ ಹೊತ್ತಿಗೆ ಕುಂಟೆ, ಕೂರಿಗೆ, ನೇಗಿಲ ಕುಳ ಹಿಡಿದ ರೈತರ ಸಾಲು ನಿಂತರೆ ಬೆಳಗಿನ ಜಾವದಿಂದ ಕತ್ತಲಾಗುವವರೆಗೂ ಅದೇ ಕೆಲಸ.

ಚಕ್ರದ ಬದಲು ಸೋಲಾರಿನಿಂದ ಓಡುವ 12 ವೋಲ್ಟಿನ ಬ್ಲೋವರ್, ಅಂದರೆ ಗಾಳಿ ಊದುವ ಯಂತ್ರ, ಇಡುವುದು ಕೇಳಲಿಕ್ಕೆ ಸುಲಭ. ಪೇಟೆಯಲ್ಲಿ ಸಿಗುವ ಬ್ಲೋವರ್ ಒಂದನ್ನು ಮೊದಲು ತೋರಿಸಿದಾಗ ಹಿರಿಯ ಕಮ್ಮಾರರೊಬ್ಬರು ಅದನ್ನು ಸ್ವಲ್ಪ ಹೊತ್ತು ಓಡಿಸಿ ನೋಡಿ, "ತಮ್ಮಾ, ಇದಕ್ಕೆ ಊದುವುದಷ್ಟೇ ಗೊತ್ತು, ಸುಮ್ಮನಿರುವುದು ಗೊತ್ತಿಲ್ಲ" ಎಂದರು. ಇಡೀ ತಂತ್ರಜ್ಞಾನದ ಗುಟ್ಟು ಆ ಮಾತಿನಲ್ಲಿತ್ತು. ಕಬ್ಬಿಣವನ್ನು ಇದ್ದಿಲಿಗೆ ಇಟ್ಟಾಗ ಗಾಳಿ ಜೋರಾಗಿ ಬೇಕು. ಅದು ಕೆಂಪಿನಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಕಡಿಮೆಯಾಗಬೇಕು. ಹೊರಗೆ ತೆಗೆದು ಅಡಿಗಲ್ಲಿನ ಮೇಲೆ ಬಡಿಯುವಾಗ ಬೆಂಕಿ ಆರದಿರುವಷ್ಟು ಸಾಕು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕುಡುಗೋಲು ಮಾಡುವಾಗಂತೂ ಒಂದೆರಡು ಉಸಿರು ಹೆಚ್ಚಾದರೂ ಉಕ್ಕು ಬೆಳ್ಳಗಾಗಿ ಕಿಡಿ ಸಿಡಿಸುತ್ತದೆ. ಹಾಗೆ ಸುಟ್ಟ ಅಂಚು ಮತ್ತೆ ಕೆಲಸಕ್ಕೆ ಬಾರದು. ಹೆಂಡತಿ ಗಂಡನ ಮುಖ ನೋಡಿಯೇ ಚಕ್ರದ ವೇಗ ಬದಲಿಸುತ್ತಿದ್ದಳು. ಯಂತ್ರಕ್ಕೆ ಆ ವಿದ್ಯೆ ಬರುವುದಿಲ್ಲ. ಹಾಗಾಗಿ ವೇಗ ಬದಲಿಸುವ ರೆಗ್ಯುಲೇಟರನ್ನು ಕಮ್ಮಾರ ಕೂರುವ ಜಾಗದಲ್ಲೇ, ಎಡ ಮೊಣಕಾಲಿನ ಬದಿಗೆ ಇಟ್ಟೆವು. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಇಕ್ಕಳ. ತಿರುಪು ಎಟುಕದ ಕಡೆ ಇದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ, ಇದ್ದಿಲು ಸುಮ್ಮನೆ ಉರಿದು ಹೋಗುತ್ತದೆ.

ಲೆಕ್ಕ ಸರಳ. 50 ವ್ಯಾಟಿನ ಬ್ಲೋವರ್ ದಿನಕ್ಕೆ ಐದು ಗಂಟೆ ಓಡಿದರೆ ಕಾಲು ಯೂನಿಟ್. 100 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಅರ್ಧ ಯೂನಿಟ್ ಕೊಟ್ಟೀತು. ಕಾವು, ತಂತಿ, ಬ್ಯಾಟರಿ ಇವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸೋರಿದರೂ ಸಾಕಾಗುತ್ತದೆ. ಆದರೆ ಇದು ಕಾಗದದ ಮೇಲಿನ ಮಾತು. ಕುಲುಮೆಗೆ ಕೆಲಸ ಬರುವುದೂ ಆಕಾಶಕ್ಕೆ ಮೋಡ ಬರುವುದೂ ಒಂದೇ ತಿಂಗಳಲ್ಲಿ. ಮಾರ್ಚ್ ತಿಂಗಳ ಬಿಸಿಲಿಗೆ ಲೆಕ್ಕ ಹಾಕಿ ಕೊಟ್ಟ ಪ್ಯಾನೆಲ್ ಜೂನ್‌ನಲ್ಲಿ ಕೈಕೊಡುತ್ತದೆ. ಅದಕ್ಕೇ ನಾನು 150 ವ್ಯಾಟಿನದನ್ನು ಹಾಕುತ್ತೇನೆ, ಬೆಲೆ ಸ್ವಲ್ಪ ಹೆಚ್ಚಾದರೂ ಚೌಕಾಸಿಗೆ ಬಗ್ಗುವುದಿಲ್ಲ.

ತಗಡಿನ ಚಪ್ಪರದ ಮೇಲೆ ಪ್ಯಾನೆಲ್ ಇಡುವಂತಿಲ್ಲ, ಗಾಳಿಗೆ ತಗಡೇ ಎದ್ದು ಹೋಗುತ್ತದೆ. ನೆಲಕ್ಕೆ ಕಾಂಕ್ರೀಟ್ ಹಾಕಿ ಕಬ್ಬಿಣದ ಕಂಬ ನೆಟ್ಟು, ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸುತ್ತೇವೆ. ಕಂಬ, ಕ್ಲಾಂಪು ಎಲ್ಲ ಕಮ್ಮಾರರೇ ಮಾಡಿಕೊಂಡುಬಿಡುತ್ತಾರೆ, ನನ್ನ ಫ್ಯಾಬ್ರಿಕೇಟರ್ ಮಾಡುವುದಕ್ಕಿಂತ ಗಟ್ಟಿಯಾಗಿ. ಇದ್ದಿಲ ಮಸಿ ಗಾಜಿನ ಮೇಲೆ ಕೂರುವುದರಿಂದ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಲೆಡ್ ಆಸಿಡ್ ಬ್ಯಾಟರಿಗೆ ಬೋರ್‌ವೆಲ್ ನೀರು ಹಾಕಬೇಡಿ, ಬ್ಯಾಟರಿ ನೀರೇ ಹಾಕಿ ಎಂದು ಎಷ್ಟು ಹೇಳಿದರೂ ಕಡಿಮೆಯೇ. ಈಗ ಲಿಥಿಯಂ ಬ್ಯಾಟರಿ ಬಂದು ಆ ರಗಳೆ ತಪ್ಪುತ್ತಿದೆ.

ಹಣದ ಮಾತಿಗೆ ಬರೋಣ, ಏಕೆಂದರೆ ಕೆಲಸ ಕೆಡುವುದು ಅಲ್ಲೇ. ಬ್ಯಾಂಕಿನವರು ತಿಂಗಳ ಕಂತು ಕೇಳುತ್ತಾರೆ. ಕಮ್ಮಾರನಿಗೆ ತಿಂಗಳ ಸಂಬಳ ಇಲ್ಲ. ಕೆಲವು ಊರುಗಳಲ್ಲಿ ಇವತ್ತಿಗೂ ಆಯದ ಪದ್ಧತಿ ಪೂರ್ತಿ ಹೋಗಿಲ್ಲ: ವರ್ಷವಿಡೀ ಸಲಕರಣೆ ಹರಿತ ಮಾಡಿಕೊಟ್ಟವನಿಗೆ ಸುಗ್ಗಿಯಲ್ಲಿ ಚೀಲಗಟ್ಟಲೆ ಜೋಳ ಬರುತ್ತದೆ. ಉಳಿದದ್ದು ದಿನದ ಕೂಲಿ. ಮ್ಯಾನೇಜರೊಬ್ಬರು ಅರ್ಜಿ ತಿರುವಿ ಹಾಕಿ, "ಇವರ ಆದಾಯಕ್ಕೆ ದಾಖಲೆ ಎಲ್ಲಿದೆ?" ಎಂದರು. ದಾಖಲೆ ಮಾಡಿಸುವ ದಾರಿ ನಮ್ಮ ನಾಡಿನಲ್ಲೇ ಇದೆ. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿ ಪಿಗ್ಮಿ ಕಟ್ಟಿಸಿಕೊಳ್ಳಲು ಶುರುಮಾಡಿತ್ತು. ಅದೇ ದಾರಿಯಲ್ಲಿ, ಸಾಲಕ್ಕೆ ಮೊದಲು ಊರಿನ ಸಹಕಾರ ಸಂಘದಲ್ಲಿ ಕೆಲವು ತಿಂಗಳು ಪಿಗ್ಮಿ ಕಟ್ಟಿಸುತ್ತೇನೆ. ಆ ಪುಸ್ತಕವೇ ಆದಾಯದ ದಾಖಲೆ, ಅದರಲ್ಲಿ ಕೂಡಿದ್ದೇ ಮುಂಗಡ. ಸಾಲ ಸಿಕ್ಕ ಮೇಲೂ ಪಿಗ್ಮಿಯಿಂದಲೇ ಕಂತು ಮುರಿದುಕೊಳ್ಳುವಂತೆ ಸಂಘವನ್ನು ಒಪ್ಪಿಸುತ್ತೇನೆ, ಸುಗ್ಗಿಯಲ್ಲಿ ದೊಡ್ಡ ಕಂತು ಇಡಿಸುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರಿಕೆ ಸೇರಿ 18 ಕಸುಬುಗಳಿಗೆ ಸಲಕರಣೆಗೆಂದು 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲ ಹಂತದಲ್ಲಿ ಒಂದು ಲಕ್ಷದವರೆಗೆ ಸಾಲ ಇದೆ. ಈಗ ಅರ್ಜಿ ಹಾಕಿಸುವುದೂ ನನ್ನ ಕೆಲಸದ ಭಾಗ.

ಎಲ್ಲದಕ್ಕೂ ಸೋಲಾರ್ ಎನ್ನುವ ಉತ್ಸಾಹಿಗಳನ್ನು ಕಂಡರೆ ನನಗೆ ಭಯ. ಇಸ್ತ್ರಿ ಅಂಗಡಿಯವರು ಬಂದು ಕೇಳಿದಾಗ ಬೇಡ ಎಂದೆ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕು ಗಂಟೆ ಕಾಯಲು ಬೇಕಾಗುವ ಪ್ಯಾನೆಲ್, ಬ್ಯಾಟರಿಗಳ ಬೆಲೆಯಲ್ಲಿ ಅವರ ಗಾಡಿಯನ್ನೇ ಹೊಸದು ಕೊಳ್ಳಬಹುದು. ಗ್ಯಾಸ್ ಇಸ್ತ್ರಿಪೆಟ್ಟಿಗೆ ಎಲ್ಲಿ ಸಿಗುತ್ತದೆಂದು ಹೇಳಿ ಕಳಿಸಿದೆ. ಬಿಸಿ ಮಾಡುವ ಕೆಲಸಕ್ಕೆ ಬ್ಯಾಟರಿ ದುಬಾರಿ, ತಿರುಗಿಸುವ ಕೆಲಸಕ್ಕೆ ಅಗ್ಗ.

ಬ್ಲೋವರ್ ಬಂದ ಮೇಲೆ ಚಕ್ರ ತಿರುಗಿಸುತ್ತಿದ್ದ ಹೆಂಗಸರಿಗೆ ಬಿಡುವು ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೆಂಕಿ ಬೇಗ ಏರಿದ್ದರಿಂದ ದಿನಕ್ಕೆ ಹೆಚ್ಚು ಕೆಲಸ ಮುಗಿಯತೊಡಗಿತು. ಕೈ ಖಾಲಿಯಾದ ಅವರು ಎದ್ದು ನಿಂತು ಸಮ್ಮಟಿಗೆ ಎತ್ತಿದರು. "ಚಕ್ರವಾದರೆ ಕೂತು ತಿರುಗಿಸುತ್ತಿದ್ದೆ, ಈಗ ನಿಂತೇ ಬಡಿಯಬೇಕು. ಇದಕ್ಕೂ ಏನಾದರೂ ಮಾಡಣ್ಣ" ಎಂದರು ಒಬ್ಬ ಅಕ್ಕ. ಗಳಿಕೆ ಹೆಚ್ಚಿದೆ ಎಂಬುದನ್ನೂ ಅವರೇ ಹೇಳಿದರು, ಭುಜದ ನೋವನ್ನೂ ಅವರೇ ಹೇಳಿದರು.

ಸಮ್ಮಟಿಗೆಯ ಕೆಲಸಕ್ಕೆ ಪವರ್ ಹ್ಯಾಮರ್ ಇದೆ. ಅದಕ್ಕೆ ಒಂದೆರಡು ಅಶ್ವಶಕ್ತಿಯ ಮೋಟಾರು ಬೇಕು, ಬ್ಲೋವರಿನ ಪ್ಯಾನೆಲ್ಲಿಗೆ ಎಟುಕುವ ಮಾತಲ್ಲ. ಒಂದೇ ಕುಟುಂಬ ಅಷ್ಟು ಸಾಲ ಹೊರಲಾರದು. ಅಕ್ಕಪಕ್ಕದ ಊರುಗಳ ಮೂರು ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳುವುದಾದರೆ ಯಾರ ಚಪ್ಪರದಲ್ಲಿ ಇಡುವುದು, ರೋಹಿಣಿ ಮಳೆಯ ವಾರದಲ್ಲಿ ಯಾರ ಸರದಿ ಮೊದಲು ಎಂಬ ಮಾತುಕತೆ ಸದ್ಯ ನಡೆದಿದೆ. ಉತಾರ ಇರುವ ಒಂದು ಜಾಗ ಸಿಕ್ಕರೆ ಅಲ್ಲಿಗೆ ಮೀಟರನ್ನೇ ಹಾಕಿಸಿಬಿಡಿ, ಹ್ಯಾಮರಿಗೆ ಸೋಲಾರ್ ಬೇಡ ಎಂದು ಅವರಿಗೆ ಹೇಳಿದ್ದೇನೆ.